ಬೆಸುಗೆ ಕೇಳಿಸಬಾರದು

ಕುಂಸಿಯ ಒಂದು ಮದುವೆ ಮನೆಯಲ್ಲಿ, ಊಟದ ಪಂಕ್ತಿಯಿಂದ ಎಂಜಲು ಕೈಯಲ್ಲೇ ಎದ್ದು ಬಂದ ಮನುಷ್ಯರೊಬ್ಬರು ನನಗೆ ಸೌಂಡ್ ಕೆಲಸ ಕಲಿಸಿದರು. ಅದಕ್ಕೆ ಮುಂಚೆಯೇ ನನಗೆ ಎಲ್ಲ ಬರುತ್ತೆ ಅಂತ ನಾನು ತಿಳಿದುಕೊಂಡಿದ್ದೆ ಅನ್ನಿ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಅಂಗಡಿ ಇತ್ತು, ಅಂಗಡಿಗಿಂತ ದೊಡ್ಡ ಬೋರ್ಡು ಇತ್ತು, ಹೊಸದಾಗಿ ತಂದ ನಾಲ್ಕು ಸಬ್ ಇದ್ದವು. ಸಬ್ ಅಂದರೆ ವೇದಿಕೆ ಪಕ್ಕ ನೆಲದ ಮೇಲೆ ಕೂತು ಎದೆಗೆ ಗುದ್ದುತ್ತಲ್ಲ, ಆ ಕಪ್ಪು ಪೆಟ್ಟಿಗೆ. ಮಾತು, ಹಾಡು, ಕೊಳಲು ಎಲ್ಲ ಬರುವುದು ಸ್ಟ್ಯಾಂಡಿನ ಮೇಲೆ ನಿಲ್ಲುವ ಟಾಪ್‌ನಿಂದ. ಮಂತ್ರ ಹೇಳೋ ಮನೆತನದಲ್ಲಿ ಮೈಕು ಹೊರೋನು ಹುಟ್ಟಿದ ಅಂತ ನಮ್ಮಪ್ಪ ಬೈಯುತ್ತಿದ್ದರು. ಬೈಯಲಿ ಬಿಡಿ, ಮದುವೆಗಳಲ್ಲಿ ಜನ ತಿರುಗಿ ನೋಡುತ್ತಿದ್ದದ್ದು ನನ್ನ ಸಬ್‌ಗಳನ್ನೇ ಅಂತ ನಾನು ಬೀಗುತ್ತಿದ್ದೆ.

ಆ ಮನುಷ್ಯರು ಬಂದವರೇ, "ತಂಬಿ, ಎಲೆ ಮೇಲಿನ ಹಪ್ಪಳ ಕುಣೀತಾ ಇದೆ. ಹಾಡು ಎಲ್ಲಿ?" ಅಂದರು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ. "ಊಟಕ್ಕೆ ಬಂದೋರು ಊಟ ಮಾಡ್ಕೊಂಡು ಹೋಗ್ರೀ" ಅಂದೆ. ಅವರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ ಅನ್ನುವ ಹಾಗೆ, ಸಾರು ಅಂಟಿದ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನನ್ನ ರ್‍ಯಾಕ್ ಮುಂದೆ ಬಗ್ಗಿದರು. ಎಡಗೈ ಬೆರಳಲ್ಲಿ ಕ್ರಾಸ್ಓವರ್‌ನ ಗುಂಡಿಯನ್ನು ಒಂದು ಚೂರು ತಿರುಗಿಸಿದರು, ಸಬ್‌ನ ವಾಲ್ಯೂಮನ್ನು ಅರ್ಧಕ್ಕರ್ಧ ಇಳಿಸಿದರು. ಆಮೇಲೆ ಒಂದು ಸಣ್ಣ ಸ್ವಿಚ್ಚನ್ನು ಒತ್ತಿ, ಕಿವಿ ಕೊಟ್ಟು, ಇನ್ನೊಮ್ಮೆ ಒತ್ತಿ ಬಿಟ್ಟರು. ಅಲ್ಲಿಯವರೆಗೆ ಧಂ ಧಂ ಅನ್ನುತ್ತಿದ್ದ ಚಪ್ಪರದೊಳಗೆ ಹಾಡಿನ ಪದ ಒಂದೊಂದೂ ಬಿಡಿಬಿಡಿಯಾಗಿ ಕೇಳಿಸಿತು. ಅಡಿಗೆಯವರು ಸೌಟು ಹಿಡಿದುಕೊಂಡೇ ಈ ಕಡೆ ನೋಡಿದರು. "ನೀನು ಎರಡು ಸಿಸ್ಟಮ್ ತಂದು ಒಂದೇ ಕಡೆ ಇಟ್ಟಿದ್ದೀಯ ಅಷ್ಟೇ. ಎರಡಕ್ಕೂ ಬೆಸುಗೆ ಹಾಕಿಲ್ಲ" ಅಂದು ಹೋಗಿ ಕೈ ತೊಳೆದುಕೊಂಡರು. ಆಗಲೇ ಅವರ ಎಲೆ ಎತ್ತಿಬಿಟ್ಟಿದ್ದರು, ಪಾಯಸ ತಪ್ಪಿತು ಅಂತ ಆಮೇಲೆ ವರ್ಷಗಟ್ಟಲೆ ನನ್ನನ್ನು ಆಡಿಕೊಂಡರು.

ಭದ್ರಾವತಿಯವರು. ಕಾರ್ಖಾನೆಯಲ್ಲಿ ಬೆಸುಗೆ ಕೆಲಸ ಮಾಡಿ ನಿವೃತ್ತರಾಗಿದ್ದರು, ಮನೆ ಹಿಂದಿನ ಶೆಡ್ಡಿನಲ್ಲಿ ಸ್ಪೀಕರ್ ಪೆಟ್ಟಿಗೆ ಕಟ್ಟುತ್ತಿದ್ದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸುತ್ತಿಗೆ ಬೆರಳಿಗೆ ಬಡಿದರೆ ತೆಲುಗು. ಅವರನ್ನು ನಾನು ಮೇಸ್ತ್ರಿ ಅನ್ನುತ್ತಿದ್ದೆ. ಅವರು ನನ್ನನ್ನು ತಂಬಿ ಅಂತ ಕರೆಯುವುದನ್ನು ಕೊನೆಯವರೆಗೂ ಬಿಡಲಿಲ್ಲ, ನನ್ನ ತಲೆ ಅರ್ಧ ಬೆಳ್ಳಗಾದ ಮೇಲೂ.

ಈ ಬೆಸುಗೆ ಅಂದರೇನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಮಾಡಿದ ಘನಂದಾರಿ ಕೆಲಸ ನಿಮಗೆ ಅರ್ಥವಾಗುವುದಿಲ್ಲ. ಕ್ರಾಸ್ಓವರ್ ಅನ್ನುವ ಪೆಟ್ಟಿಗೆ ಸದ್ದನ್ನು ಎರಡು ಭಾಗ ಮಾಡುತ್ತೆ. ತಗ್ಗಿನ ಸದ್ದು ಸಬ್‌ಗೆ, ಮೇಲಿನದು ಟಾಪ್‌ಗೆ. ಆದರೆ ಕತ್ತಿಯಲ್ಲಿ ಕಡಿದ ಹಾಗೆ ಕಡಿಯಲು ಬರುವುದಿಲ್ಲ, ಗಡಿಯಲ್ಲಿ ಒಂದಿಷ್ಟು ಸದ್ದನ್ನು ಎರಡೂ ಸೇರಿ ಹಾಡುತ್ತವೆ. ಗಂಡಸಿನ ದನಿಯ ಎದೆ, ಢೋಲಕ್‌ನ ಹೊಟ್ಟೆ ಎಲ್ಲ ಇರುವುದು ಆ ಗಡಿಯಲ್ಲೇ. ಅಲ್ಲಿ ಎರಡೂ ಒಟ್ಟಿಗೆ ಗಾಳಿಯನ್ನು ಮುಂದಕ್ಕೆ ತಳ್ಳಬೇಕು. ಒಂದು ತಳ್ಳುವಾಗ ಇನ್ನೊಂದು ಎಳೆದರೆ ಒಂದನ್ನೊಂದು ತಿಂದು ಹಾಕುತ್ತವೆ. ಆಗ ಕೆಳಗಿನ ಧಂ ಧಂ ಹಾಗೇ ಇರುತ್ತೆ, ಮೇಲಿನ ಚಿಂ ಚಿಂ ಹಾಗೇ ಇರುತ್ತೆ, ಮಧ್ಯೆ ಮಾತ್ರ ತೂತು ಬೀಳುತ್ತೆ. ಎಷ್ಟೋ ಜನಕ್ಕೆ ಅದು ಗೊತ್ತೇ ಆಗುವುದಿಲ್ಲ, ಏನೋ ಸಪ್ಪೆ ಅಂದುಕೊಂಡು ಎದ್ದು ಹೋಗುತ್ತಾರೆ.

ಮೇಸ್ತ್ರಿ ಇದಕ್ಕೊಂದು ಪದ್ಧತಿ ಇಟ್ಟುಕೊಂಡಿದ್ದರು. ಮೊದಲು ಗಡಿಯ ಸದ್ದೊಂದನ್ನು, ಬರೀ ಒಂದು "ಊಂ" ಅನ್ನುವ ಸ್ವರವನ್ನು, ಹಾಕಿಸುತ್ತಿದ್ದರು. ಸಬ್ ಒಂದನ್ನೇ ಕೇಳಿ, ಟಾಪ್ ಒಂದನ್ನೇ ಕೇಳಿ, ಎರಡನ್ನೂ ಸಮ ಮಾಡಿಸುತ್ತಿದ್ದರು. ಆಮೇಲೆ ಎರಡನ್ನೂ ಒಟ್ಟಿಗೆ ಬಿಟ್ಟು, ಸಭಾಂಗಣದ ಮಧ್ಯೆ ಹೋಗಿ ಕಣ್ಣು ಮುಚ್ಚಿ ನಿಂತು, ಕೈ ಎತ್ತುತ್ತಿದ್ದರು. ನಾನು ಸಬ್‌ನ ಸ್ವಿಚ್ಚು ಒತ್ತಿ ಉಲ್ಟಾ ಮಾಡಬೇಕು, ಅಂದರೆ ತಳ್ಳುತ್ತಿದ್ದದ್ದು ಎಳೆಯಬೇಕು, ಎಳೆಯುತ್ತಿದ್ದದ್ದು ತಳ್ಳಬೇಕು. ಎರಡರಲ್ಲಿ ಯಾವ ಕಡೆ ಸದ್ದು ತುಂಬಿ ಬರುತ್ತೋ ಅದೇ ಸರಿ. "ಬೀಗಕ್ಕೆ ಕೀಲಿ ಹಾಕೋ ಹಾಗೆ ತಂಬಿ, ಒಂದು ಕಡೆ ತಿರುಗಿಸಿ ನೋಡು, ಆಗ್ಲಿಲ್ವಾ, ಇನ್ನೊಂದು ಕಡೆ. ಇದಕ್ಕೆ ಜಗಳ ಯಾಕೆ?" ಅನ್ನುತ್ತಿದ್ದರು. ಒಳ್ಳೇ ಬೆಸುಗೆ ಅಂದರೆ ಕಣ್ಣಿಗೆ ಕಾಣಬಾರದು, ಇದಾದರೆ ಕಿವಿಗೆ ಕೇಳಿಸಬಾರದು ಅನ್ನುವುದು ಅವರ ಲೆಕ್ಕ. ಹನ್ನೆರಡು ವರ್ಷ ನಾವಿಬ್ಬರೂ ಹೀಗೇ ಕೆಲಸ ಮಾಡಿದೆವು. ಆ ಹನ್ನೆರಡು ವರ್ಷದಲ್ಲಿ ಅವರು ಕೈ ಎತ್ತಿದ್ದು ತಪ್ಪಾದ ದಿನ ನನಗೆ ನೆನಪಿಲ್ಲ.

ಜನಕ್ಕೂ ಅದು ಗೊತ್ತಿತ್ತು. ದಾವಣಗೆರೆ ಕಡೆಯ ಸೌಂಡಿನವರು ಕೂಡ ಪೆಟ್ಟಿಗೆ ಹೊತ್ತು ತಂದು, "ಒಂಚೂರು ಕೇಳಿ ಹೇಳಿ ಮೇಸ್ತ್ರಿ" ಅಂತ ಅವರ ಶೆಡ್ಡಿನ ಮುಂದೆ ನಿಲ್ಲುತ್ತಿದ್ದರು. ಕಾರ್ಖಾನೆ ಬಿಟ್ಟ ಮೇಲೆ ಬೀದಿಯಲ್ಲಿ ಎಷ್ಟೋ ಜನ ನಿವೃತ್ತರು ಬರೀ ನಿವೃತ್ತರಾಗಿಯೇ ಉಳಿದರು. ಇವರನ್ನು ಮಾತ್ರ ಜನ ಹುಡುಕಿಕೊಂಡು ಬರುತ್ತಿದ್ದರು, ಆ ಕಿವಿಗೋಸ್ಕರ. ಅದರ ಬೆಲೆ ಏನು ಅಂತ ನನಗೆ ಗೊತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಚೆನ್ನಾಗಿ ಗೊತ್ತಿತ್ತು.

ಆಮೇಲೆ ನಾನು ಪ್ರೊಸೆಸರ್ ತಂದೆ. ಕ್ರಾಸ್ಓವರ್, ಸದ್ದನ್ನು ಚೂರು ತಡಮಾಡಿಸುವ ಡಿಲೇ, ಎಲ್ಲ ಒಂದರಲ್ಲೇ, ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಪರದೆ ಮೇಲೆ ಗೆರೆ ಎಳೆದು ತೋರಿಸುತ್ತೆ. ಬೆಂಗಳೂರಿನಿಂದ ಒಬ್ಬ ಇಂಜಿನಿಯರು ಬಂದು ನನ್ನ ಪೆಟ್ಟಿಗೆಗಳಿಗೆ ತಕ್ಕ ಸೆಟ್ಟಿಂಗ್ ಹಾಕಿಕೊಟ್ಟು ಹೋದರು. ಅವರು ಹಾಕಿದ್ದು ಸರಿಯಾಗಿಯೇ ಇತ್ತು, ಅವರ ಮೇಲೆ ನನ್ನದೇನೂ ತಕರಾರಿಲ್ಲ. ಪ್ರೊಸೆಸರ್‌ನಿಂದ ಸಬ್‌ನ ಆಂಪ್ಲಿಫೈಯರ್‌ಗೆ ಹೋಗುವ ಒಂದು ಗೇಣುದ್ದದ ಕೇಬಲ್ ಬೇಕಿತ್ತು. ಅದನ್ನು ನಾನೇ ಅಂಗಡಿಯಲ್ಲಿ ಕೂತು, ಫೋನನ್ನು ಕಿವಿಗೂ ಹೆಗಲಿಗೂ ಮಧ್ಯೆ ಸಿಕ್ಕಿಸಿಕೊಂಡು ಯಾರಿಗೋ ಬೈಯುತ್ತಾ, ಬೆಸೆದೆ.

ಹೊಸ ಪ್ರೊಸೆಸರ್ ಹಾಕಿದ ಮೊದಲ ಕಾರ್ಯಕ್ರಮ ಭದ್ರಾವತಿಯಲ್ಲೇ ಬಂತು. ಮೇಸ್ತ್ರಿಯ ಜೊತೆ ಕೆಲಸ ಮಾಡಿದ ಹಳೇ ಕಾರ್ಮಿಕರೆಲ್ಲ ಸೇರಿ ಒಂದು ಸಮುದಾಯ ಭವನದಲ್ಲಿ ಸ್ನೇಹಕೂಟ ಇಟ್ಟುಕೊಂಡಿದ್ದರು, ಸಂಜೆ ಆರ್ಕೆಸ್ಟ್ರಾ. ಸೌಂಡ್ ನಮ್ಮದೇ ಅಂತ ಮೇಸ್ತ್ರಿ ಒಂದು ತಿಂಗಳಿಂದ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದರು. ಅವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. "ಏನ್ ಮೇಸ್ತ್ರಿ, ಮದುವೆ ಗಂಡಿನ ಹಾಗೆ ಬಂದಿದ್ದೀರಿ" ಅಂದೆ. "ನನ್ನ ಮದುವೇಲಿ ಇಂಥ ಅಂಗಿ ಎಲ್ಲಿತ್ತು ಮಾರಾಯ" ಅಂತ ನಕ್ಕರು.

ಮಧ್ಯಾಹ್ನ ನಾಲ್ಕಕ್ಕೆ ಹಾಡು ಹಾಕಿ ನೋಡಿದೆವು. ಅವರು ಎಂದಿನಂತೆ ಭವನದ ಮಧ್ಯೆ ಹೋಗಿ ನಿಂತರು. ಸ್ವಲ್ಪ ಹೊತ್ತು ಬಿಟ್ಟು ಬಂದು, "ತಂಬಿ, ಮಧ್ಯೆ ತೂತಿದೆ. ಒಂದ್ಸಲ ಉಲ್ಟಾ ಮಾಡಿ ನೋಡು" ಅಂದರು.

ನಾನು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. ಗೆರೆ ನೂಲು ಹಿಡಿದ ಹಾಗೆ ನೆಟ್ಟಗಿತ್ತು. "ಎಲ್ಲಿದೆ ತೂತು? ತೋರ್ಸಿ."

"ಅಲ್ಲಿ ಇಲ್ಲ. ಇಲ್ಲಿ ಇದೆ" ಅಂತ ಅವರು ಭವನದ ಕಡೆ ಕೈ ಮಾಡಿದರು.

ಇಷ್ಟು ಹೇಳಿದಾಗಲಾದರೂ ನಾನು ಸ್ವಿಚ್ಚು ಒತ್ತಬಹುದಿತ್ತು. ಪ್ರೊಸೆಸರ್‌ನಲ್ಲಿ ಅದು ಒಂದು ಬಟನ್, ಅಷ್ಟೇ. ಒತ್ತಿ, ಕೇಳಿ, ಮತ್ತೆ ಒತ್ತಿದರೆ ಮುಗಿಯಿತು. ಹನ್ನೆರಡು ವರ್ಷ ಅವರು ಕೈ ಎತ್ತಿದಾಗಲೆಲ್ಲ ಒತ್ತಿದವನು ನಾನು. ಅವತ್ತು ಒತ್ತಲಿಲ್ಲ. ಹೊಸ ಸಾಮಾನಿನ ಸೊಕ್ಕು ಒಂದು ಕಡೆ, ಇಂಜಿನಿಯರು ಇದಕ್ಕೆ ಕೈ ಹಚ್ಚಬೇಡಿ ಅಂದು ಹೋಗಿದ್ದು ಇನ್ನೊಂದು ಕಡೆ. ಪರದೆ ಮೇಲಿನ ಗೆರೆ ಪ್ರೊಸೆಸರ್ ತನ್ನೊಳಗೆ ತಾನು ಎಳೆದುಕೊಂಡದ್ದು, ಅದರಿಂದ ಆಚೆ ಹೋದ ಕೇಬಲ್‌ನಲ್ಲಿ ಏನಾಗಿದೆ ಅಂತ ಅದಕ್ಕೆ ಏನೂ ಗೊತ್ತಿರುವುದಿಲ್ಲ ಅನ್ನುವ ಬುದ್ಧಿ ನನಗೆ ಆಗ ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗೆ.

ಸಂಜೆ ಆರ್ಕೆಸ್ಟ್ರಾ ಶುರುವಾಯಿತು. ಗಂಡು ಹಾಡುಗಾರ ಎರಡನೇ ಹಾಡಿಗೇ ನನ್ನ ಕಡೆ ನೋಡಿ ಗಂಟಲು ಮುಟ್ಟಿಕೊಂಡು ಸನ್ನೆ ಮಾಡಿದ, ದನಿಯಲ್ಲಿ ಎದೆ ಇಲ್ಲ ಅಂತ. ನಾನು ಅದನ್ನು ಏರಿಸಿದೆ, ಇದನ್ನು ಇಳಿಸಿದೆ, ಬೆವರು ಬಂತು. ಆಗಲೇ ಮೇಸ್ತ್ರಿ ತಮ್ಮ ಹಳೇ ಸ್ನೇಹಿತರ ಸಾಲಿನಿಂದ ಎದ್ದು ಮತ್ತೆ ಬಂದರು. ಇವರು ಬಂದರು ಅಂತ ಅವರ ಹಿಂದೆ ನಾಲ್ಕೈದು ಜನ, ನಮ್ಮವನು ಏನೋ ಸರಿಮಾಡ್ತಾನೆ ನೋಡೋಣ ಅಂತ, ಬಂದು ನಿಂತರು.

"ತಂಬಿ, ಒಂದೇ ಒಂದ್ಸಲ ಉಲ್ಟಾ ಮಾಡು. ನನ್ನ ಮಾತು ಕೇಳು."

"ರೀ ಮೇಸ್ತ್ರಿ" ಅಂದೆ, ಹಾಡಿನ ಮೇಲೂ ಕೇಳಿಸುವಷ್ಟು ಜೋರಾಗಿ, "ನಿಮ್ಮ ಕಿವಿ ಕಾರ್ಖಾನೇಲೇ ಹೋಗಿದೆ. ಮೂವತ್ತು ವರ್ಷ ಕಬ್ಬಿಣ ಬಡಿಯೋದು ಕೇಳಿದ ಕಿವಿ ಅದು. ಇಷ್ಟು ದಿನ ನಿಮ್ಮ ಮರ್ಯಾದೆಗೆ ಅಂತ ಹೂಂ ಹೂಂ ಅಂತಿದ್ದೆ. ಹೋಗಿ ಕೂತ್ಕೊಳ್ಳಿ."

ಮರ್ಯಾದೆಗೆ ಹೂಂಗುಟ್ಟಿದೆ ಅನ್ನುವುದು ಹಸಿ ಸುಳ್ಳು. ಬಾಯಿಗೆ ಬಂತು, ಅಂದೆ. ಹಿಂದೆ ನಿಂತಿದ್ದ ಹಳೇ ಸ್ನೇಹಿತರಲ್ಲಿ ಒಬ್ಬರು, "ಏ, ನಮ್ಮೆಲ್ಲರ ಕಿವೀನೂ ಅಲ್ಲೇ ಹೋಗಿರೋದು ಬಾರೋ" ಅಂತ ನಕ್ಕು ಅವರ ಹೆಗಲ ಮೇಲೆ ಕೈ ಹಾಕಿದರು. ಉಳಿದವರೂ ನಕ್ಕರು. ಅವರದು ಕೆಟ್ಟ ನಗು ಅಲ್ಲ, ಸಮಾಧಾನದ ನಗುವೇ. ಆದರೆ ಮೇಸ್ತ್ರಿಯ ಮುಖ ನಾನು ನೋಡಿದೆ. ಅವರು ನನ್ನನ್ನು ನೋಡಲಿಲ್ಲ. ಬಲಗೈಯನ್ನು ಕಿವಿಯ ಹತ್ತಿರ ತೆಗೆದುಕೊಂಡು ಹೋಗಿ, ಏನೋ ನೆನಪಾದವರಂತೆ ಇಳಿಸಿದರು.

ಜಗಳವಾಡಿ ಹೋಗಿಬಿಟ್ಟಿದ್ದರೆ ನನಗೆ ಎಷ್ಟೋ ವಾಸಿಯಿತ್ತು. ಅವರು ಕೊನೆಯವರೆಗೂ ಇದ್ದರು. ಕಾರ್ಯಕ್ರಮ ಮುಗಿದ ಮೇಲೆ ಯಾವತ್ತಿನ ಹಾಗೆ ಕೇಬಲ್‌ಗಳನ್ನು ಮೊಳಕೈಗೆ ಸುತ್ತಿ ಸುತ್ತಿ ಪೆಟ್ಟಿಗೆಗೆ ಹಾಕಿದರು, ಬಿಳಿ ಅಂಗಿಗೆಲ್ಲ ಧೂಳು. "ಬರ್ತೀನಿ ತಂಬಿ" ಅಂದರು. "ಹೂಂ" ಅಂದೆ.

ಆಮೇಲೆ ಅವರು ಕೆಲಸಕ್ಕೆ ಬರಲಿಲ್ಲ. ಫೋನ್ ಮಾಡಿದರೆ ಮೊಣಕಾಲು ನೋವು ಅನ್ನುತ್ತಿದ್ದರು. ನಾನೂ ನಂಬಿದವನ ಹಾಗೆ ನಟಿಸಿದೆ.

ಮೂರು ವಾರ ಕಳೆದು ಶಿವಮೊಗ್ಗದ ಒಂದು ಕಲ್ಯಾಣ ಮಂಟಪದಲ್ಲಿ ಕೆಲಸ. ಬೆಳಿಗ್ಗೆ ಹತ್ತಕ್ಕೆ ಹೋಗಿ ಎಲ್ಲ ಕಟ್ಟಿ ಹಾಡು ಹಾಕಿದರೆ ಮತ್ತೆ ಅದೇ ಸಪ್ಪೆ. ಖಾಲಿ ಮಂಟಪದಲ್ಲಿ ನಾನೊಬ್ಬನೇ. ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂದರೆ, ಅಲ್ಲಿ ಇಲ್ಲದ ಮೇಸ್ತ್ರಿಯ ಮೇಲೆ! ಏನು ಮಹಾ ಉಲ್ಟಾ ಮಾಡೋದು, ಮಾಡ್ತೀನಿ ನೋಡಿ, ಏನೂ ಆಗಲ್ಲ ಅಂತ ತೋರಿಸ್ತೀನಿ ಅಂತ ಬಾಯಿಬಿಟ್ಟು ಹೇಳಿಕೊಂಡೇ ಬಟನ್ ಒತ್ತಿದೆ.

ಇಡೀ ಮಂಟಪ ತುಂಬಿಬಿಟ್ಟಿತು. ಹಾಡುಗಾರನಿಗೆ ಎದೆ ಬಂತು, ಢೋಲಕ್‌ಗೆ ಹೊಟ್ಟೆ ಬಂತು.

ಆ ಗೇಣುದ್ದದ ಕೇಬಲ್ ಕಿತ್ತು ಬಿಚ್ಚಿ ನೋಡಿದೆ. ಪ್ಲಗ್ಗಿನ ಎರಡನೇ ಪಿನ್ನಿಗೆ ಹೋಗಬೇಕಾದ ತಂತಿ ಮೂರಕ್ಕೆ, ಮೂರಕ್ಕೆ ಹೋಗಬೇಕಾದ್ದು ಎರಡಕ್ಕೆ. ನನ್ನ ಕೈಯ ಬೆಸುಗೆ, ಅಚ್ಚುಕಟ್ಟಾಗಿ, ಹೊಳೆಯುತ್ತಾ ಕೂತಿತ್ತು. ಟಾಪ್ ತಳ್ಳುವಾಗ ಸಬ್ ಎಳೆಯುತ್ತಿತ್ತು. ಮೇಸ್ತ್ರಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಪಂಕ್ತಿಗೆ ಎಲೆ ಹಾಕುವವರು ಒಳಗೆ ಬರುವ ಸದ್ದಾಯಿತು. ನಾನು ಏನು ಮಾಡಿದೆ ಗೊತ್ತೇ? ಕಳ್ಳನ ಹಾಗೆ ಅವಸರವಸರವಾಗಿ ಬೆಸುಗೆ ಕಡ್ಡಿ ಕಾಯಿಸಿ, ತಂತಿ ಬದಲಿಸಿ, ಬಟನ್ ಮೊದಲಿನಂತೆ ಮಾಡಿ, ಏನೂ ಆಗದವನ ಹಾಗೆ ಕೂತೆ. ನನ್ನ ತಪ್ಪು ಹೇಗಿತ್ತು ಅನ್ನುವುದಕ್ಕೆ ಗುರುತೇ ಉಳಿಯಲಿಲ್ಲ. ಅಲ್ಲಿಂದ ಭದ್ರಾವತಿ ಎಷ್ಟು ದೂರ? ಬಸ್ಸು ಹತ್ತಿ ಸೀಟು ಹುಡುಕೋದರೊಳಗೆ ಊರು ಬರುತ್ತೆ. ಅವತ್ತೇ ಹೋಗಿ ಆ ಕೇಬಲನ್ನು ಹಾಗೇ ಅವರ ಮುಂದೆ ಇಟ್ಟಿದ್ದರೆ ಮುಗಿದುಹೋಗುತ್ತಿತ್ತು.

ಹೋಗಲಿಲ್ಲ. ಈ ವಾರ ಕೆಲಸ ಜಾಸ್ತಿ, ಮುಂದಿನ ವಾರ ಹೋಗ್ತೀನಿ ಅಂದುಕೊಂಡೆ. ಮುಂದಿನ ವಾರ ಬಂದಾಗ, ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಕೇಳಿದರೆ ಏನು ಹೇಳುವುದು ಅನ್ನುವುದು ಶುರುವಾಯಿತು. ನಾಚಿಕೆ ದಿನದಿನಕ್ಕೆ ಬೆಳೆಯುತ್ತೆ. ನಮ್ಮೂರ ಆಲ್ಕೊಳ ಸರ್ಕಲ್ಲಿನಲ್ಲಿ ಭದ್ರಾವತಿಯ ಪರಿಚಯದವರು ಯಾರಾದರೂ ಕಂಡರೆ ಗಾಡಿ ತಿರುಗಿಸಿಕೊಂಡು ಬೇರೆ ದಾರಿಯಲ್ಲಿ ಮನೆಗೆ ಹೋಗುತ್ತಿದ್ದೆ. ಹಾಗೆ ಏಳು ತಿಂಗಳು ಹೋಯಿತು. ಮೇಸ್ತ್ರಿ ಶೆಡ್ಡು ಖಾಲಿ ಮಾಡಿದರಂತೆ, ಸಾಮಾನೆಲ್ಲ ಯಾರಿಗೋ ಕೊಟ್ಟರಂತೆ ಅಂತ ಒಬ್ಬರು ಅಂಗಡಿಗೆ ಬಂದು ಹೇಳಿದ ದಿನ ನಾನು ಎದ್ದು ಹೊರಟೆ.

ಮಧ್ಯಾಹ್ನ ಹನ್ನೆರಡರ ಹೊತ್ತು. ಅವರ ಹೆಂಡತಿ, ನಾನು ಅಕ್ಕ ಅನ್ನುತ್ತಿದ್ದವರು, ಬಾಗಿಲು ತೆಗೆದು, "ಅಯ್ಯೋ, ದಾರಿ ನೆನಪಿತ್ತಾಪ್ಪಾ?" ಅಂದರು. ಬೈದಿದ್ದರೂ ಚೆನ್ನಾಗಿತ್ತು. ಮೇಸ್ತ್ರಿ ಪೇಪರ್ ಮಡಚಿಟ್ಟು, "ಬಾ ತಂಬಿ, ಕೂತ್ಕೋ, ಊಟ ಇಲ್ಲೇ" ಅಂದರು. ಸೊರಗಿದ್ದರು.

ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. "ಮೇಸ್ತ್ರಿ, ಅವತ್ತು ನೀವು ಹೇಳಿದ್ದೇ ಸರಿ. ಕೇಬಲ್ ಉಲ್ಟಾ ಇತ್ತು. ನಾನೇ ಬೆಸೆದಿದ್ದು. ತೂತು ಇತ್ತು, ನಿಮಗೆ ಕೇಳಿಸ್ತು, ನನಗೆ ಕೇಳಿಸ್ಲಿಲ್ಲ. ತಪ್ಪಾಯ್ತು."

ಅವರು ಎದ್ದು ಹೋಗಿ ಕ್ಯಾಲೆಂಡರಿನ ಹಿಂದಿನಿಂದ ಒಂದು ಕಾಗದ ತೆಗೆದು ನನ್ನ ಕೈಯಲ್ಲಿಟ್ಟರು. ಕಿವಿ ಪರೀಕ್ಷೆಯ ಕಾಗದ. ಸ್ನೇಹಕೂಟವಾದ ಮರುವಾರವೇ ಹೋಗಿ ಮಾಡಿಸಿಕೊಂಡು ಬಂದಿದ್ದರು. "ನೀನು ಹೇಳಿದ್ದು ಸರಿ ಇತ್ತು. ಕಿವಿ ಹೋಗಿದೆ. ಡಾಕ್ಟ್ರೂ ಅದೇ ಅಂದ್ರು."

ಕಾಗದದ ಮೇಲೆ ಎಳೆದಿದ್ದ ಗೆರೆ ನೋಡಿದೆ. ಮೇಲಿನ ಸದ್ದಿನ ಕಡೆ ಗೆರೆ ಕೆಳಕ್ಕೆ ಕುಸಿದಿತ್ತು, ನಿಜ. ತಗ್ಗಿನ ಕಡೆ ನೆಟ್ಟಗಿತ್ತು. "ಮೇಸ್ತ್ರಿ, ಇಲ್ಲಿ ನೋಡಿ! ಹೋಗಿರೋದು ಮೇಲಿನದು. ನಮ್ಮ ಬೆಸುಗೆ ಇರೋದು ಈ ತಗ್ಗಿನ ಕಡೆ, ಇಲ್ಲಿ ನಿಮ್ಮ ಕಿವಿಗೆ ಏನೂ ಆಗಿಲ್ಲ" ಅಂತ ಬೆರಳಿಟ್ಟು ತೋರಿಸಿದೆ. ನನ್ನ ದನಿ ಏರುತ್ತಿತ್ತು.

"ಆ ಕೇಬಲ್ ತಂದಿದ್ದೀಯಾ?" ಅಂದರು.

"ಇಲ್ಲ. ಸರಿ ಮಾಡಿಬಿಟ್ಟೆ, ಅಲ್ಲೇ."

"ಯಾವಾಗ ಗೊತ್ತಾಯ್ತು?"

"ಮೂರೇ ವಾರಕ್ಕೆ."

ಅವರು ನಕ್ಕರು. ಪ್ರೀತಿಯಿಂದಲೇ ನಕ್ಕರು. "ತಂಬಿ, ನಿನ್ನನ್ನ ನಾನು ನಿನ್ನೆ ಮೊನ್ನೆ ನೋಡಿದ್ದಾ? ನಿನ್ನ ಬಾಯಲ್ಲಿ ಒಂದು ಮಾತು ಒಂದು ಗಳಿಗೆ ನಿಲ್ಲಲ್ಲ. ಮೂರು ವಾರಕ್ಕೆ ಗೊತ್ತಾಗಿದ್ದಿದ್ರೆ ಅವತ್ತೇ ಬಂದು ನನ್ನ ಕಾಲು ಹಿಡೀತಿದ್ದೆ, ಏಳು ತಿಂಗಳು ಇಟ್ಕೊಳ್ಳೋನಲ್ಲ ನೀನು. ಮುದುಕನ ಮನಸ್ಸು ಸಮಾಧಾನ ಮಾಡೋಕೆ ಬಂದಿದ್ದೀಯ. ಒಳ್ಳೇವನು. ಆದ್ರೆ ಸುಳ್ಳು ಹೇಳೋಕೆ ಬರಲ್ಲ ನಿನಗೆ."

"ಸುಳ್ಳಲ್ಲ ಮೇಸ್ತ್ರಿ. ನಾಚಿಕೆ ಆಯ್ತು, ಅದಕ್ಕೇ ಬರ್ಲಿಲ್ಲ."

"ನಿನಗೆ ನಾಚಿಕೆಯಾ?" ಅಂದು ಇನ್ನೂ ಜೋರಾಗಿ ನಕ್ಕು, ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮಡಚಿದರು. ಅವರು ನನ್ನನ್ನು ಅಷ್ಟು ನಂಬಿದ್ದರು. ಆಣೆ ಮಾಡಿದೆ, ಕೂಗಾಡಿದೆ, ಕಣ್ಣಲ್ಲಿ ನೀರೂ ಬಂತು. ಕೂಗಾಡಿದಷ್ಟೂ ಅವರು, ಪಾಪ ಎಷ್ಟು ಕಷ್ಟಪಡ್ತಾ ಇದ್ದಾನೆ ಅನ್ನುವ ಹಾಗೆ ನನ್ನನ್ನು ನೋಡಿದರು. ಕೊನೆಗೆ ಸುಸ್ತಾಗಿ ಅವರ ಪಕ್ಕ ಕೂತುಬಿಟ್ಟೆ.

ಅಕ್ಕ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದರು. ಒಳಗೆ ಕುಕ್ಕರ್ ಕೂಗಿತು. ಮೇಸ್ತ್ರಿ ನನ್ನ ಜೊತೆ ಮಾತಾಡುತ್ತಲೇ ಮಂಡಿಯ ಮೇಲೆ ಒಂದು ಬೆರಳು ಮಡಚಿದರು. ಇನ್ನೊಮ್ಮೆ ಕೂಗಿತು, ಇನ್ನೊಂದು ಬೆರಳು. ಮೂರನೆಯದಕ್ಕೆ ಮೂರನೇ ಬೆರಳು ಮಡಚಿ, ಒಲೆ ಆರಿಸಲು ಅರ್ಧ ಎದ್ದರು. ಹಾಗೇ ನಿಂತು ತಮ್ಮ ಬೆರಳುಗಳನ್ನು ನೋಡಿಕೊಂಡರು. ಆಮೇಲೆ ಬೆರಳು ಬಿಡಿಸಿ, ಹಿತ್ತಲ ಕಡೆ ಮುಖ ಮಾಡಿ ಕೂಗಿದರು: "ಏ ಇವಳೇ, ಎಷ್ಟು ಕೂಗಾಯ್ತು?"